ಗೊಬೆಲ್ಸ್‌ಗೆ ಬೇಡವಾದವನು ಮಕ್ಕಳ ಪಾಲಿಗೆ ಬಂದ

1936ರ ಜೂನ್. ಬರ್ಲಿನ್ ಒಲಿಂಪಿಕ್ಸ್‌ಗೆ ಕೆಲವೇ ವಾರ ಬಾಕಿ. ಹೊಸದಾಗಿ ಕಟ್ಟಿದ ಬಯಲು ರಂಗಮಂದಿರದಲ್ಲಿ ಸುಮಾರು ಸಾವಿರ ಜನರ ಸಮೂಹ ನೃತ್ಯದ ತಾಲೀಮು ನಡೆದಿತ್ತು. ನೋಡಲು ಬಂದ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಅದು ಒಗ್ಗಲಿಲ್ಲ. ಪ್ರದರ್ಶನವೇ ರದ್ದಾಯಿತು. ನೃತ್ಯ ಕಟ್ಟಿದ ರುಡಾಲ್ಫ್ ಲಾಬಾನ್ ಅಲ್ಲಿಯವರೆಗೆ ಅದೇ ಗೊಬೆಲ್ಸ್ ಇಲಾಖೆಯ ಆಶ್ರಯದಲ್ಲಿ ಕೆಲಸ ಮಾಡಿದವನು. ಹಾಗಾಗಿ ಅವನಿಗೆ ಹುತಾತ್ಮನ ಪಟ್ಟ ಕಟ್ಟಲು ನನಗೆ ಮನಸ್ಸಿಲ್ಲ. ಆದರೆ 1937ರಲ್ಲಿ ಪ್ಯಾರಿಸ್‌ಗೆ, ಮರುವರ್ಷ ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್‌ಗೆ ಬಂದು ಸೇರಿದ ಈ ಮನುಷ್ಯನ ವಿಚಾರಗಳು ಕೊನೆಗೆ ಹೋಗಿ ನಿಂತದ್ದು ಐದಾರು ವರ್ಷದ ಮಕ್ಕಳ ಪಿ.ಟಿ. ಪೀರಿಯಡ್ಡಿನಲ್ಲಿ!

ಅಲ್ಲಿ ಅದುವರೆಗೆ ಇದ್ದದ್ದು ಡ್ರಿಲ್. ಬೋಯರ್ ಯುದ್ಧಕ್ಕೆ ಸೇರಲು ಬಂದ ಬಡ ಯುವಕರಲ್ಲಿ ಬಹಳಷ್ಟು ಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದಾಗ ಸರ್ಕಾರ ಬೆಚ್ಚಿತು. 1902ರಲ್ಲಿ ಸೈನ್ಯದವರ ಸಲಹೆಯಂತೆ ಶಾಲೆಗಳಿಗೊಂದು ಮಾದರಿ ವ್ಯಾಯಾಮ ಕ್ರಮ ಬಂತು. ಆಜ್ಞೆ, ಸಾಲು, ಕೈಯಲ್ಲಿ ಕೋಲು. ಇದಕ್ಕೆ ಸಿಡಿದೆದ್ದವರು ಮುಖ್ಯವಾಗಿ ಮಹಿಳೆಯರು. ಸ್ವೀಡನ್ನಿನಿಂದ 1881ರಲ್ಲಿ ಲಂಡನ್ನಿಗೆ ಬಂದ ಮಾರ್ಟಿನಾ ಬೆರ್ಗ್‌ಮನ್-ಓಸ್ಟರ್‌ಬೆರ್ಗ್, 1885ರಲ್ಲೇ ಶಿಕ್ಷಕಿಯರಿಗಾಗಿ ವ್ಯಾಯಾಮ ಕಾಲೇಜು ತೆರೆದಿದ್ದಳು. ಸ್ವೀಡಿಷ್ ಪದ್ಧತಿ ಕಲಿತ ಇಂಥ ಶಿಕ್ಷಕಿಯರಿಗೆ ಸಿಪಾಯಿ ಕವಾಯತು ಹಿಡಿಸಲಿಲ್ಲ. ಎರಡೇ ವರ್ಷಕ್ಕೆ, 1904ರಲ್ಲಿ, ಪಠ್ಯಕ್ರಮ ಬದಲಾಯಿತು. ಆಮೇಲೆ ಅದನ್ನು ಹಲವು ಬಾರಿ ತಿದ್ದಿದರು. 1933ರ ಪುಸ್ತಕದ ಹೊತ್ತಿಗೆ ಆಟಗಳೂ ಸೇರಿಕೊಂಡವು. ಆದರೂ ಕೋಷ್ಟಕ ನೋಡಿ ಪಾಠ ಮಾಡುವುದು ತಪ್ಪಲಿಲ್ಲ.

ಎರಡನೇ ಮಹಾಯುದ್ಧ ಬಂದಾಗ ಲಾಬಾನ್ ಕಾರ್ಖಾನೆಗಳಿಗೆ ಹೋದ. ಗಂಡಸರ ಜಾಗದಲ್ಲಿ ನಿಂತು ಭಾರದ ಟೈರುಗಳನ್ನು ಎತ್ತಬೇಕಾಗಿದ್ದ ಹೆಣ್ಣುಮಕ್ಕಳಿಗೆ, ತೋಳಿನ ಬಲದಿಂದ ಎತ್ತಬೇಡಿ, ಮೈಯನ್ನೇ ತೂಗಿ ಆ ತೂಗಾಟದ ಓಟದಲ್ಲಿ ಸಾಗಿಸಿ ಎಂದು ತೋರಿಸಿಕೊಟ್ಟ. ಅವನ ಕಣ್ಣಿಗೆ ಚಲನೆಯೆಂದರೆ ನಾಲ್ಕು ಸಂಗತಿ: ಭಾರ, ಕಾಲ, ಅವಕಾಶ, ಹರಿವು. ನೃತ್ಯವಾಗಲಿ, ಟೈರು ಎತ್ತುವುದಾಗಲಿ ಲೆಕ್ಕ ಅದೇ. ಅವನ ಜೊತೆಗಾತಿ ಲೀಸಾ ಉಲ್ಮಾನ್ 1946ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ಟುಡಿಯೊ ತೆರೆದಳು. ಶಿಕ್ಷಕಿಯರು ಅಲ್ಲಿ ಕಲಿತದ್ದನ್ನು ಶಾಲೆಗೆ ಒಯ್ದರು. ಇನ್ನೊಂದು ಕಡೆಯಿಂದ ಕಮಾಂಡೊ ತರಬೇತಿಯ ಹಗ್ಗ, ಬಲೆ, ಏಣಿಗಳ ಮಾದರಿಯ ಸಲಕರಣೆಗಳೂ ಶಾಲೆಯೊಳಗೆ ಬಂದವು. 1952ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಹೊರತಂದ ‘ಮೂವಿಂಗ್ ಅಂಡ್ ಗ್ರೋಯಿಂಗ್’ 1933ರ ಕೋಷ್ಟಕಗಳಿಗೆ ವಿದಾಯ ಹೇಳಿತು. ಪುಟಪುಟದಲ್ಲೂ ಹತ್ತುವ, ಜೋತಾಡುವ ಮಕ್ಕಳ ಫೋಟೊಗಳು.

ಹೊಸ ಪಾಠ ಹೀಗಿರುತ್ತಿತ್ತು. ‘ಎರಡು ಕೈ, ಒಂದು ಕಾಲು ಮಾತ್ರ ನೆಲಕ್ಕೆ ತಾಗಬೇಕು. ಆ ಗೋಡೆಯವರೆಗೆ ಹೇಗೆ ಹೋಗುತ್ತೀಯೋ ಹೋಗು.’ ಒಬ್ಬ ಕುಂಟುತ್ತಾನೆ, ಒಬ್ಬಳು ಮೊಲದಂತೆ ನೆಗೆಯುತ್ತಾಳೆ, ಮತ್ತೊಬ್ಬ ಅಂಗಾತ ತಿರುಗಿ ತೆವಳುತ್ತಾನೆ. ಯಾರದೂ ತಪ್ಪಲ್ಲ. ಟೀಚರ್ ಕೇಳುವುದಿಷ್ಟೇ: ಈಗ ಅದನ್ನೇ ನಿಧಾನವಾಗಿ ಮಾಡು, ಈಗ ಸದ್ದಾಗದ ಹಾಗೆ ಮಾಡು.

ಇಲ್ಲಿಂದ ಜಗಳ ಶುರು. ಅದೂ ಹೆಚ್ಚುಕಡಿಮೆ ಗಂಡಸರು, ಹೆಂಗಸರು ಎಂದು ಎರಡು ಪಾಳಯವಾಗಿ. ಮಹಿಳಾ ಕಾಲೇಜುಗಳು ಲಾಬಾನ್ ಕಡೆ. ಗಂಡಸರ ಕಾಲೇಜುಗಳಲ್ಲಿ ಬಲ, ದಮ್ಮು, ಅಳತೆಯ ಮಾತು. 1950ರ ದಶಕದಲ್ಲಿ ಲೀಡ್ಸ್‌ನಲ್ಲಿ ಹುಟ್ಟಿದ ಸರ್ಕ್ಯೂಟ್ ಟ್ರೇನಿಂಗ್ ಅವರ ಹೆಮ್ಮೆ. ತಾನೇ ಕಂಡುಕೊಳ್ಳಲಿ ಎಂದು ಬಿಟ್ಟರೆ ಮಗುವಿಗೆ ಚೆಂಡು ಹಿಡಿಯಲು ಬರುವುದು ಯಾವಾಗ ಎಂದು ಗಂಡಸರ ಪ್ರಶ್ನೆ. ಬರೀ ಗುಂಡಿಗೆ ಗಟ್ಟಿಮಾಡಿದರೆ ಮೈ ಅರಳುತ್ತದೆಯೇ ಎಂದು ಹೆಂಗಸರದು. ಈ ಜಗಳ ದಶಕಗಟ್ಟಲೆ ನಡೆಯಿತು.

ನನ್ನ ಮಟ್ಟಿಗೆ ಗಂಡಸರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಇದ್ದದ್ದು ಅಮೆರಿಕದಲ್ಲಿ, ಅದೂ ಒಬ್ಬ ಹೆಣ್ಣುಮಗಳ ಕೆಲಸದಲ್ಲಿ. ಮೋನಿಕಾ ವೈಲ್ಡ್ ಎಂಬಾಕೆ ಮಕ್ಕಳು ಚೆಂಡೆಸೆಯುವುದನ್ನು ಚಿತ್ರೀಕರಿಸಿ ನೋಡಿ, 1938ರಲ್ಲಿ ಅದರಲ್ಲಿ ನಾಲ್ಕು ಹಂತಗಳನ್ನು ಗುರುತಿಸಿದರು. ಮೊದಲು ಪಾದ ಕದಲುವುದಿಲ್ಲ, ಮೊಣಕೈ ಮಾತ್ರ ಆಡುತ್ತದೆ. ಆಮೇಲೆ ಸೊಂಟ, ಭುಜ ತಿರುಗುತ್ತವೆ. ಮೂರನೆಯದರಲ್ಲಿ ಕಾಲು ಮುಂದೆ ಬರುತ್ತದೆ, ಆದರೆ ಎಸೆಯುವ ಕೈಯ ಕಡೆಯದೇ. ಕೊನೆಗೆ ಬಲಗೈ ಎಸೆತಕ್ಕೆ ಎಡಗಾಲು ಮುಂದಾಗುತ್ತದೆ. ಮಗು ಯಾವ ಮೆಟ್ಟಿಲಲ್ಲಿದೆ ಎಂದು ಗೊತ್ತಾದರೆ ಮುಂದಿನದಕ್ಕೆ ಕೈ ಹಿಡಿಯಬಹುದು. ಬೈಯಬೇಕಿಲ್ಲ, ಸುಮ್ಮನೆ ಬಿಡಲೂಬೇಕಿಲ್ಲ. ವಯಸ್ಸಾದ ಮಾತ್ರಕ್ಕೆ ಎಲ್ಲರೂ ಕೊನೆಯ ಮೆಟ್ಟಿಲು ಮುಟ್ಟುವುದಿಲ್ಲ. ಮೂರನೆಯದರಲ್ಲೇ ನಿಂತುಬಿಟ್ಟ ದೊಡ್ಡವರನ್ನು ಯಾವ ಪಾರ್ಕಿನಲ್ಲಿ ಬೇಕಾದರೂ ನೋಡಬಹುದು.

ನಮ್ಮಲ್ಲಿ? ಇಂಗ್ಲಿಷರು ಬಿಟ್ಟುಹೋದ ಡ್ರಿಲ್ ಇಂದಿಗೂ ‘ಸಾವಧಾನ್, ವಿಶ್ರಾಮ್’ ಎನ್ನುತ್ತ ಪ್ರಾರ್ಥನೆಯ ಸಾಲಿನಲ್ಲಿ ಸುಖವಾಗಿದೆ. ಒಂದು ಕಾಲದಲ್ಲಿ ಅದರಿಂದ ನಷ್ಟವೇನೂ ಆಗುತ್ತಿರಲಿಲ್ಲ. ಕಲಿಸುವ ಕೆಲಸವನ್ನು ಬೀದಿ ಮಾಡುತ್ತಿತ್ತು. ಕುಂಟೆಬಿಲ್ಲೆ ಒಂಟಿಕಾಲಿನ ಸಮತೋಲ ಕಲಿಸಿತು, ಲಗೋರಿ ಗುರಿ ಕಲಿಸಿತು, ಮರಕೋತಿ ಹತ್ತಿ ಧುಮುಕುವುದನ್ನು ಕಲಿಸಿತು. ಈಗ ಬೀದಿಯಲ್ಲಿ ಕಾರು ನಿಂತಿದೆ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕರು ಸಿಗುವುದೇ ಅಪರೂಪ. ಇದ್ದಲ್ಲೂ, ಪರೀಕ್ಷೆ ಹತ್ತಿರವಾದಂತೆ ಪಿ.ಟಿ. ಪೀರಿಯಡ್ಡನ್ನು ಗಣಿತದವರು ಎತ್ತಿಕೊಂಡು ಹೋಗುತ್ತಾರೆ. ಕೇಳುವವರಿಲ್ಲ.

ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿ ಬಿಡಿಸುವ ಮುನ್ನ ಇದೊಂದನ್ನು ಕೇಳಿ: ಈ ತಿಂಗಳು ನನ್ನ ಮಗುವಿನ ಕೈಗೆ ಎಷ್ಟು ಸಲ ಚೆಂಡು ಸಿಕ್ಕಿತು?