ಹೊಳೆಯ ತಳದಲ್ಲಿ ಸುಣ್ಣವಾಗಿ ಉಳಿದ ಕಾಲ

ಭಟ್ಕಳದಿಂದ ಹೊನ್ನಾವರವನ್ನು ಹಾದು ಕುಮಟಾದವರೆಗೆ ಹರಡಿರುವ ಉತ್ತರ ಕನ್ನಡದ ಕರಾವಳಿಯಲ್ಲಿ ಗತಕಾಲದ ಜೀವಿಗಳ ಅವಶೇಷವನ್ನು ಹುಡುಕುವವರು ಬೆಟ್ಟದ ಬಂಡೆಗಳನ್ನು ಬಿಟ್ಟು ಹೊಳೆಯ ತಳಕ್ಕೆ ಇಳಿಯಬೇಕಾಗುತ್ತದೆ. ಈ ನೆಲಕ್ಕೆ ಬುನಾದಿಯಾಗಿರುವ ನೈಸ್ ಹಾಗೂ ಧಾರವಾಡ ವರ್ಗದ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವಾಗಿದ್ದು, ಚಿಪ್ಪೋ ಎಲುಬೋ ಉಳ್ಳ ಪ್ರಾಣಿಗಳು ಭೂಮಿಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ ರೂಪುಗೊಂಡವು. ಆ ಶಿಲೆಗಳು ಮಳೆ ಬಿಸಿಲಿಗೆ ಸಿಕ್ಕಿ ಶಿಥಿಲವಾಗಿ ಉಂಟಾದ ಚಿರೇಕಲ್ಲಿನ ಪದರವಾದರೋ ಸುಣ್ಣದ ಅಂಶವನ್ನು ಉಳಿಸಿಕೊಳ್ಳದ ಹುಳಿ ಮಣ್ಣಾದ್ದರಿಂದ ಅದರಲ್ಲಿ ಹೂತ ಎಲುಬು ಚಿಪ್ಪುಗಳು ಹೆಚ್ಚು ಕಾಲ ಬಾಳದೆ ಕರಗಿಹೋಗುತ್ತವೆ. ಈ ಮಾತಿಗೆ ಅಪವಾದವಾಗಿರುವುದು ಅಳಿವೆ, ಅಂದರೆ ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಎಡೆ. ಅಲ್ಲಿಯ ಕೆಸರಿನಡಿಯಲ್ಲಿ, ಬಳಚು ಎಂಬ ಎರಡು ಚಿಪ್ಪಿನ ಜೀವಿಗಳು ಸತ್ತು ಉಳಿದ ಚಿಪ್ಪುಗಳು ಪದರದ ಮೇಲೆ ಪದರವಾಗಿ ಶೇಖರಗೊಂಡಿವೆ. ಇವುಗಳನ್ನು ಇಳಿತದ ಹೊತ್ತಿನಲ್ಲಿ ಅಗೆದು, ನೀರಿರುವಲ್ಲಿ ಉಸಿರು ಬಿಗಿಹಿಡಿದು ಮುಳುಗಿ ಎತ್ತುವ ಕಸುಬು ಬೆಳೆದು ಬಂದ ದಾರಿಯನ್ನು ಗುರುತಿಸಿದರೆ, ಕಡಲಿನ ಏರಿಳಿತದ ಚರಿತ್ರೆಯೂ ಅಡಿಕೆ ತೋಟದ ಚರಿತ್ರೆಯೂ ಒಂದೇ ಎಳೆಯಲ್ಲಿ ಹೆಣೆದುಕೊಂಡಿರುವುದು ಕಾಣುತ್ತದೆ.

ಪಳೆಯುಳಿಕೆ ಎಂಬ ಮಾತನ್ನು ವಿಜ್ಞಾನಿಗಳು ರೂಢಿಯಲ್ಲಿ ಸುಮಾರು 10,000 ವರ್ಷಗಳಿಗಿಂತ ಹಳೆಯದಾದ ಜೀವಿಕುರುಹಿಗೆ ಬಳಸುತ್ತಾರೆ. ಅದಕ್ಕಿಂತ ಈಚಿನದಾಗಿದ್ದು, ಇನ್ನೂ ಪೂರ್ತಿ ಕಲ್ಲಾಗದೆ ತನ್ನ ಮೂಲ ದ್ರವ್ಯವನ್ನು ಬಹುಪಾಲು ಉಳಿಸಿಕೊಂಡಿರುವ ಅವಶೇಷವನ್ನು ಅರೆ-ಪಳೆಯುಳಿಕೆ ಎನ್ನಬಹುದು. ಅಳಿವೆಯ ತಳದ ಚಿಪ್ಪು ಈ ಎರಡನೆಯ ಬಗೆಯದು. ಅದರ ವಂಶದ ಜೀವಿಗಳು ಅದೇ ಹೊಳೆಯಲ್ಲಿ, ಅದರ ಮೇಲಣ ಮರಳಿನಲ್ಲಿ ಇಂದಿಗೂ ಬದುಕಿವೆ ಎಂಬುದೇ ಅದರ ವೈಶಿಷ್ಟ್ಯ.

ಕಡಲು ಒಳಬಂದ ಬಗೆ

ಸುಮಾರು 20,000 ವರ್ಷಗಳ ಹಿಂದೆ ಭೂಮಿಯ ಬಹಳಷ್ಟು ನೀರು ನೆಲದ ಮೇಲಣ ಹಿಮವಾಗಿ ಹೆಪ್ಪುಗಟ್ಟಿದ್ದಾಗ ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಈ ಕರಾವಳಿಯ ಅಂಚು ಪಶ್ಚಿಮಕ್ಕೆ ಬಹು ದೂರದಲ್ಲಿದ್ದು, ಮುರುಡೇಶ್ವರದ ದಡದಿಂದ ದೋಣಿಯಲ್ಲಿ ಹೋಗಿ ಮುಳುಗುಗಾರರು ಇಂದು ಹವಳ ಮೀನುಗಳನ್ನು ನೋಡುವ ನೇತ್ರಾಣಿ ದ್ವೀಪವು ಒಣನೆಲದ ನಡುವಿನ ಒಂದು ಗುಡ್ಡವಾಗಿತ್ತು. ಘಟ್ಟದಿಂದಿಳಿದ ಹೊಳೆಗಳು ಆ ನೆಲವನ್ನು ಕೊರೆದುಕೊಂಡು ಇನ್ನಷ್ಟು ಮುಂದೆ ಹರಿಯುತ್ತಿದ್ದವು. ಹಿಮ ಕರಗಿದಂತೆ ಕಡಲು ಏರುತ್ತ ಬಂದು, ಸುಮಾರು 7,000 ವರ್ಷಗಳ ಹಿಂದೆ ಇಂದಿನ ಮಟ್ಟದ ಸಮೀಪಕ್ಕೆ ತಲುಪಿದಾಗ ಹೊಳೆಗಳ ಕೊನೆಯ ಕಣಿವೆಗಳಲ್ಲಿ ಉಪ್ಪುನೀರು ತುಂಬಿಕೊಂಡಿತು. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯ ಅಗಲವಾದ ಅಳಿವೆ, ಭಟ್ಕಳದ ಕಿರಿದಾದ ಶರಾಬಿ ಹೊಳೆ ಮತ್ತು ವೆಂಕಟಾಪುರ ಹೊಳೆಯ ಅಳಿವೆಗಳು, ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆ, ಇವೆಲ್ಲವೂ ಹೀಗೆ ಕಡಲು ನುಗ್ಗಿದ ಕಣಿವೆಗಳ ಸಂತತಿ.

ಇವುಗಳಲ್ಲಿ ಚಿಪ್ಪಿನ ಸಂಪತ್ತಿಗೆ ಹೆಸರಾದುದು ಅಘನಾಶಿನಿ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಕಡಲನ್ನು ಕೂಡುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗಿ, ಬೇಸಗೆಯಲ್ಲಿ ಕಡಲಿನಷ್ಟೇ ಉಪ್ಪಾಗಿ, ವರ್ಷಾವರ್ಷ ಒಂದೇ ಲಯದಲ್ಲಿ ಬದಲಾಗುತ್ತದೆ. ಎರಡು ಚಿಪ್ಪುಗಳ ನಡುವೆ ಮೃದುವಾದ ಮೈಯನ್ನು ಅಡಗಿಸಿಕೊಂಡಿರುವ ದ್ವಿಕವಾಟಿಗಳೆಂಬ ಜೀವಿವರ್ಗಕ್ಕೆ, ಊರವರು ಬಳಚು ಎಂದು ಕರೆಯುವ ಜೀವಿಗಳಿಗೆ, ಈ ಲಯವೇ ಆಧಾರ. ಪಾಫಿಯಾ ಮಲಬಾರಿಕಾ ಎಂಬ ಜಾತಿ ಉಪ್ಪು ಹೆಚ್ಚಿರುವ ಅಳಿವೆಬಾಯಿಯ ಮರಳನ್ನು ಬಯಸಿದರೆ, ವಿಲ್ಲೋರಿಟಾ ಎಂಬ ಕಪ್ಪು ಚಿಪ್ಪಿನ ಜಾತಿ ಸಿಹಿನೀರು ಹೆಚ್ಚಿರುವ ಮೇಲ್ಗಡೆಯಲ್ಲಿ ನೆಲೆಸುತ್ತದೆ. ಮೆರೆಟ್ರಿಕ್ಸ್ ಕುಲದವು ಇವೆರಡರ ನಡುವಣ ಎಡೆಗಳಲ್ಲಿ ಬೆಳೆಯುತ್ತವೆ. ಪ್ರತಿಯೊಂದು ಜಾತಿಯೂ ತನಗೆ ಒಗ್ಗುವ ಉಪ್ಪಿನ ಅಳತೆಯನ್ನು ಬಿಟ್ಟು ನೆಲೆಸದಿರುವುದರಿಂದ ತಳದ ಪದರಗಳಲ್ಲಿ ಯಾವ ಜಾತಿಯ ಚಿಪ್ಪು ಎಲ್ಲಿ, ಎಷ್ಟು ಆಳದಲ್ಲಿ ಸಿಗುತ್ತದೆ ಎಂಬುದು ಆ ಕಾಲದಲ್ಲಿ ಕಡಲು ಎಲ್ಲಿಯವರೆಗೆ ಒಳಬಂದಿತ್ತು ಎಂಬುದನ್ನು ತಿಳಿಸುವ ದಾಖಲೆಯಾಗುತ್ತದೆ.

ಆ ದಾಖಲೆಯ ಕಾಲವನ್ನು ನಿರ್ಣಯಿಸುವ ವಿಧಾನವೂ ಚಿಪ್ಪಿನಲ್ಲಿಯೇ ಅಡಗಿದೆ. ಜೀವಿ ಬದುಕಿರುವಾಗ ನೀರಿನಿಂದ ಪಡೆದ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲವು ಅದು ಸತ್ತ ಮೇಲೆ 5,730 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುವುದರಿಂದ, ಉಳಿದ ಪ್ರಮಾಣವನ್ನು ಅಳೆದು, ಸಮುದ್ರದ ನೀರಿನಲ್ಲಿ ಮೊದಲೇ ಬೆರೆತಿರುವ ಹಳೆಯ ಇಂಗಾಲದ ಪಾಲನ್ನು ಕಳೆದು, ಸಾವಿನ ಕಾಲವನ್ನು ಲೆಕ್ಕಹಾಕಬಹುದು. ಇದಲ್ಲದೆ, ಚಿಪ್ಪು ಬೆಳೆಯುವಾಗ ಒಂದರ ಹೊರಗೆ ಒಂದಾಗಿ ಮೂಡುವ ಗೆರೆಗಳಲ್ಲಿ ಆಮ್ಲಜನಕದ ಹಗುರ ಮತ್ತು ಭಾರ ಪರಮಾಣುಗಳ ಪ್ರಮಾಣವು ನೀರಿನ ಶಾಖ ಹಾಗೂ ಉಪ್ಪಿಗೆ ತಕ್ಕಂತೆ ಬದಲಾಗುವುದರಿಂದ, ಸಾವಿರಾರು ವರ್ಷಗಳ ಹಿಂದಿನ ಮಳೆಗಾಲದ ಗುರುತು ಕೂಡ ಒಂದು ಬಳಚಿನ ಬೆನ್ನಿನ ಮೇಲೆ ಉಳಿದಿರಬಲ್ಲದು.

ಮರಳಿನಿಂದ ಗೂಡಿಗೆ

ಸತ್ತ ಚಿಪ್ಪಿಗಾಗಿ ನೀರಿಗಿಳಿಯುವುದಕ್ಕೆ ಮೂಲಪಾಠವಾದುದು ಜೀವಂತ ಬಳಚಿನ ಸಂಗ್ರಹ. ಅಂಬಿಗರು, ಹರಿಕಂತ್ರರು, ಹಾಲಕ್ಕಿ ಒಕ್ಕಲಿಗರು ಮೊದಲಾದ ಸಮುದಾಯಗಳ ಹೆಂಗಸರು ಇಳಿತದಲ್ಲಿ ತೆರೆದುಕೊಳ್ಳುವ ಮರಳುದಿಬ್ಬಗಳಲ್ಲಿ ಕೈಯಿಂದ ಬಳಚು ಹೆಕ್ಕಿದರೆ, ಗಂಡಸರು ದೋಣಿಯಲ್ಲಿ ಹೋಗಿ ಸೊಂಟದ, ಕೊರಳಿನ, ಅದಕ್ಕೂ ಹೆಚ್ಚಿನ ನೀರಿನಲ್ಲಿ ಇಳಿದು, ಮಣ್ಣು ಬೆರೆತು ಕಣ್ಣಿಗೆ ಏನೂ ಕಾಣದ ತಳವನ್ನು ಪಾದಗಳಿಂದ ಬೆದಕಿ, ಬಳಚಿನ ಇರವು ತಿಳಿದೊಡನೆ ಮುಳುಗಿ ಬುಟ್ಟಿ ತುಂಬಿಕೊಳ್ಳುತ್ತಾರೆ. ಮರಳು ಯಾವುದು, ಕೆಸರು ಯಾವುದು, ಜೀವವಿರುವ ಚಿಪ್ಪು ಯಾವುದು, ಖಾಲಿ ಚಿಪ್ಪು ಯಾವುದು ಎಂಬುದನ್ನು ಬೆರಳತುದಿಯಿಂದಲೇ ಹೇಳಬಲ್ಲ ಈ ತಿಳಿವಳಿಕೆ ತಲೆಮಾರುಗಳ ಗಳಿಕೆಯಾಗಿದ್ದು, ಸತ್ತ ಚಿಪ್ಪಿನ ಹಾಸುಗಳನ್ನು ಮೊದಲು ಗುರುತಿಸಿದ ಕೀರ್ತಿ ನ್ಯಾಯವಾಗಿ ಇವರಿಗೇ ಸಲ್ಲಬೇಕು.

ಸತ್ತ ಚಿಪ್ಪಿಗೆ ಬೆಲೆ ತಂದುದು ಸುಣ್ಣ. ಸುಣ್ಣದ ಕಲ್ಲು ವಿರಳವಾಗಿರುವ ಈ ಚಿರೇಕಲ್ಲಿನ ನಾಡಿನಲ್ಲಿ ಗೋಡೆಯ ಗಾರೆಗೂ, ಗೋಡೆಗೆ ಬಳಿಯುವ ಬಿಳುಪಿಗೂ, ಎಲೆ ಅಡಿಕೆಯ ತಟ್ಟೆಗೂ ಬೇಕಾದ ಸುಣ್ಣವನ್ನು ಚಿಪ್ಪೇ ಒದಗಿಸಬೇಕಾಗಿತ್ತು. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ವಸ್ತು. ಅದನ್ನು ಇದ್ದಿಲಿನೊಡನೆ ಗೂಡಿನಲ್ಲಿ ಒಟ್ಟಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, 100 ಕಿಲೋ ಶುದ್ಧ ಕಾರ್ಬೊನೇಟಿಗೆ 56 ಕಿಲೋದಂತೆ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದೊಡನೆ ಅದು ಕುದಿದು ಅರಳಿ ಪುಡಿಯಾಗುತ್ತದೆ. ಗೋಡೆಗೆ ಹತ್ತಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಮತ್ತೆ ಹೀರಿಕೊಂಡು ಮೊದಲಿನ ಕಾರ್ಬೊನೇಟಾಗಿ ಗಟ್ಟಿಗೊಳ್ಳುತ್ತದೆ. ಹೊಳೆಯ ತಳದಲ್ಲಿದ್ದ ದ್ರವ್ಯವೇ ಗೂಡಿನ ಉರಿಯನ್ನು ಹಾದು ಗೋಡೆಯ ಮೇಲೆ ತನ್ನ ಹಳೆಯ ಗುಣಕ್ಕೆ ಮರಳುವ ಈ ವೃತ್ತವನ್ನು ಸುಣ್ಣ ಸುಡುವವರು ರಸಾಯನಶಾಸ್ತ್ರದ ಹೆಸರುಗಳ ನೆರವಿಲ್ಲದೆಯೇ ಅರಿತಿದ್ದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಣ್ಣದ ಬೇಡಿಕೆಗೆ ಇನ್ನೊಂದು ಕಾರಣ ಸೇರಿಕೊಂಡಿತು. ಮಳೆಗಾಲದಲ್ಲಿ ಅಡಿಕೆಯ ಎಳೆಗಾಯಿಗಳನ್ನು ಉದುರಿಸುವ ಕೊಳೆ ರೋಗದ ಮೂಲವನ್ನು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದರು. ಅದಕ್ಕೆ ಮದ್ದಾಗಿ ಬೋರ್ಡೋ ದ್ರಾವಣದ ಸಿಂಪಡಣೆ ಬಳಕೆಗೆ ಬಂತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಅಳತೆಯಲ್ಲಿ ಸಿದ್ಧವಾಗುವ ಈ ದ್ರಾವಣದಲ್ಲಿ ಮೈಲುತುತ್ತದ ಹುಳಿಯನ್ನು ಮುರಿದು ತಾಮ್ರವು ಗೊನೆಗೆ ಅಂಟಿಕೊಳ್ಳುವಂತೆ ಮಾಡುವುದು ಸುಣ್ಣ. ಮಲೆನಾಡಿನ ತೋಟಗಾರರು ಈ ಕೆಲಸಕ್ಕೆ ಚಿಪ್ಪು ಸುಣ್ಣವನ್ನು ಮೆಚ್ಚುವುದರಿಂದ ಹೊಳೆಯ ತಳದ ಸತ್ತ ಬಳಚು ಘಟ್ಟವನ್ನೇರಿ ಮರದ ತುದಿಯ ಗೊನೆಗೆ ಕಾವಲಾಯಿತು. ಕೃಷಿಯ ಬೇಡಿಕೆಯೊಡನೆ ಕೈಗಾರಿಕೆಗಳ ಬೇಡಿಕೆಯೂ ಕೂಡಿಕೊಂಡ ಮೇಲೆ, ಬುಟ್ಟಿ ದೋಣಿಗಳಿಂದ ನಡೆಯುತ್ತಿದ್ದ ಸಂಗ್ರಹವು ಅಘನಾಶಿನಿಯಲ್ಲಿ ಗಣಿಗಾರಿಕೆಯ ರೂಪವನ್ನು ತಾಳಿತು.

ಬೇರೆ ಹೊಳೆಗಳ ಸಾಕ್ಷ್ಯ

ನದಿಯ ನಿಕ್ಷೇಪಗಳಲ್ಲಿ ಪ್ರಾಚೀನ ಜೀವಿಗಳನ್ನು ಗುರುತಿಸುವ ಶಾಸ್ತ್ರೀಯ ಕಾರ್ಯ ಕನ್ನಡ ನಾಡಿಗೆ ಹೊಸದಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಘಟಪ್ರಭಾ ಕಣಿವೆಯಲ್ಲಿ, ಗೋಕಾಕದ ಹತ್ತಿರ, ಖಡ್ಗಮೃಗವೊಂದರ ಅವಶೇಷಗಳನ್ನು ಪತ್ತೆಹಚ್ಚಿ, 1874ರಲ್ಲಿ ಅದಕ್ಕೆ ದಖ್ಖನಿನ ಹೆಸರನ್ನಿಟ್ಟು ಪ್ರಕಟಿಸಿದರು. ಇಂದು ಖಡ್ಗಮೃಗದ ಸುಳಿವೇ ಇಲ್ಲದ ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಬೇರೆಯೇ ಪ್ರಾಣಿಲೋಕವಿತ್ತೆಂಬುದನ್ನು ಹೊಳೆಯ ದಂಡೆಯ ಮಣ್ಣು ಹೇಳಿತು.

ನೀರಿನೊಳಗೆ ಮುಳುಗಿ ಪಳೆಯುಳಿಕೆ ಹುಡುಕುವ ಪದ್ಧತಿಗೆ ಪ್ರಸಿದ್ಧವಾದುದು ಅಮೆರಿಕದ ಆಗ್ನೇಯ ಭಾಗ. ದಕ್ಷಿಣ ಕ್ಯಾರೊಲೈನಾದ ಚಾರ್ಲ್‌ಸ್ಟನ್ ಸುತ್ತಮುತ್ತಲ ಹೊಳೆಗಳಲ್ಲಿ ಇಂದು ಹವ್ಯಾಸಿಗಳು ಗಾಳಿತೊಟ್ಟಿ ಹೊತ್ತು, ಚಹಾದಂತೆ ಕಪ್ಪಗಿರುವ ನೀರಿನಲ್ಲಿ ದೀಪ ಹಿಡಿದು, ಅಳಿದುಹೋದ ದೈತ್ಯ ಶಾರ್ಕ್ ಮೆಗಲೊಡಾನ್‌ನ ಹಲ್ಲುಗಳನ್ನು ಹುಡುಕುತ್ತಾರೆ. ಆದರೆ ಅಲ್ಲಿಯೂ ಹುಡುಕಾಟದ ಹಿಂದೆ ಉದ್ಯಮವಿತ್ತು. 1867ರಿಂದ ಆರಂಭವಾದ ಫಾಸ್ಫೇಟ್ ಗಣಿಗಾರಿಕೆಯ ಕಾಲದಲ್ಲಿ ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಜನಾಂಗದ ಕೂಲಿಗಾರರು ಹೊಳೆಗಳಿಗೆ ಧುಮುಕಿ ಗೊಬ್ಬರದ ಕಲ್ಲನ್ನು ಎತ್ತುತ್ತಿದ್ದರು. ಆ ಕಲ್ಲಿನೊಡನೆ ಹಲ್ಲು ಎಲುಬುಗಳೂ ಮೇಲೆ ಬಂದವು. ಫ್ಲಾರಿಡಾದ ಆಸಿಲ್ಲಾ ನದಿಯ ಪೇಜ್-ಲ್ಯಾಡ್ಸನ್ ಎಂಬ ನೆಲೆಯಲ್ಲಿ ವಿಜ್ಞಾನಿಗಳು ಪದರಗಳನ್ನು ಕೆಡಿಸದೆ ನೀರಿನಡಿಯಲ್ಲಿ ಅಗೆದು, ಮ್ಯಾಸ್ಟೊಡಾನ್ ಎಂಬ ಆನೆಯಂಥ ಪ್ರಾಣಿಯ ಅವಶೇಷದ ಜೊತೆಗೆ ಮನುಷ್ಯರ ಕಲ್ಲಿನ ಉಪಕರಣಗಳನ್ನು ಗುರುತಿಸಿ, ಅವು ಸುಮಾರು 14,550 ವರ್ಷ ಹಳೆಯವೆಂದು 2016ರಲ್ಲಿ ತೋರಿಸಿಕೊಟ್ಟರು. ವಸ್ತುವನ್ನು ಎತ್ತಿದ್ದಕ್ಕಿಂತ ಅದು ಇದ್ದ ಪದರವನ್ನು ಕಾದುಕೊಂಡದ್ದರಿಂದಲೇ ಅಲ್ಲಿ ಅಷ್ಟು ಬೆಲೆಯುಳ್ಳ ತಿಳಿವು ಕೈಸೇರಿತು.

ಹತ್ತಿರದ ಕೇರಳದಲ್ಲಿ ವೇಂಬನಾಡು ಹಿನ್ನೀರಿನ ತಳದ ಬಿಳಿ ಚಿಪ್ಪು 1946ರಲ್ಲಿ ಸ್ಥಾಪನೆಯಾದ ಟ್ರಾವಂಕೂರ್ ಸಿಮೆಂಟ್ಸ್ ಕಾರ್ಖಾನೆಗೆ ಬಿಳಿ ಸಿಮೆಂಟಿನ ಕಚ್ಚಾವಸ್ತುವಾಯಿತು. ಅದೇ ರಾಜ್ಯದ ಅಷ್ಟಮುಡಿ ಹಿನ್ನೀರಿನಲ್ಲಿ ಪಾಫಿಯಾ ಬಳಚಿನ ಸಂಗ್ರಾಹಕರು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಸಂಗ್ರಹವನ್ನು ನಿಲ್ಲಿಸಿ, ಮರಿಗಳು ಉಳಿಯುವಂಥ ಕಣ್ಣಳತೆಯ ಬಲೆಗಳನ್ನೇ ಬಳಸಿ, 2014ರಲ್ಲಿ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಮನ್ನಣೆಯನ್ನು ಭಾರತಕ್ಕೆ ಮೊದಲ ಬಾರಿ ತಂದುಕೊಟ್ಟರು.

ಸತ್ತರೆ ಖನಿಜ, ಬದುಕಿದ್ದರೆ ಮೀನು

ಭಾರತದ ಗಣಿ ಕಾನೂನಿನಲ್ಲಿ ಕಟ್ಟಡದ ಸುಣ್ಣಕ್ಕಾಗಿ ಗೂಡಿನಲ್ಲಿ ಸುಡುವ ಚಿಪ್ಪು ಮರಳು ಜಲ್ಲಿಗಳಂತೆ ಒಂದು ಉಪಖನಿಜ. ಅದೇ ಚಿಪ್ಪಿನೊಳಗೆ ಜೀವವಿದ್ದಾಗ ಅದು ಮೀನುಗಾರಿಕೆಯ ವಿಷಯ. ಕಾನೂನು ಹೀಗೆ ಎರಡಾಗಿ ಒಡೆದು ನೋಡುವ ವಸ್ತುವನ್ನು ಹೊಳೆ ಒಂದಾಗಿಯೇ ಹಿಡಿದುಕೊಂಡಿದೆ. ಸಿಂಪಿಯ ಮರಿಗಳಿಗೆ ಅಂಟಿಕೊಳ್ಳಲು ಬೇಕಾದ ಗಟ್ಟಿ ನೆಲೆ ಹಳೆಯ ಚಿಪ್ಪು. ತಳದ ಹಾಸನ್ನು ಯಂತ್ರದಿಂದ ಕೆದಕಿದಾಗ ಮೇಲೇಳುವ ರಾಡಿಯು ನೀರನ್ನು ಸೋಸಿ ಆಹಾರ ಪಡೆಯುವ ಬಳಚಿನ ಕಿವಿರುಗಳನ್ನು ಕಟ್ಟಿಬಿಡುತ್ತದೆ. ಹಿಂದಿನವರ ಅವಶೇಷವನ್ನು ಅಜಾಗರೂಕತೆಯಿಂದ ತೆಗೆದರೆ ಇಂದಿನವರ ನೆಲೆಯೇ ಕುಸಿಯುತ್ತದೆ.

ಜೀವಂತ ಬಳಚಿನ ಬೆಲೆಯನ್ನು ಅಂಕಿಗಳಲ್ಲಿ ತೋರಿಸಿದ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು 2008ರಲ್ಲಿ ಹೊರತಂದಿತು. ಅದರ ಅಂದಾಜಿನಂತೆ ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಬಳಚು ಸಂಗ್ರಹವಾಗಿ, ಸುಮಾರು 5.78 ಕೋಟಿ ರೂಪಾಯಿಯ ಆದಾಯವನ್ನೂ 2,300ಕ್ಕೂ ಹೆಚ್ಚು ಜನರಿಗೆ ನೇರ ಕೆಲಸವನ್ನೂ ಕೊಡುತ್ತಿತ್ತು. ಪಕ್ಕದ ಶರಾವತಿಯೊಡನೆ ಹೋಲಿಸಿದರೆ ಈ ಅಂಕಿಗಳ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಹಾಗೂ ಅದನ್ನು ಅವಲಂಬಿಸಿದ ವಿದ್ಯುದಾಗಾರಗಳಿಂದ ಬೇಸಗೆಯಲ್ಲಿಯೂ ಸಿಹಿನೀರು ಹರಿದುಬರುವುದರಿಂದ ಹೊನ್ನಾವರದ ಅಳಿವೆಯ ಉಪ್ಪು ತಗ್ಗಿ, ಉಪ್ಪನ್ನು ಬಯಸುವ ಬಳಚುಗಳಿಗೆ ಅಲ್ಲಿ ಅಘನಾಶಿನಿಯ ಸಮೃದ್ಧಿ ಇಲ್ಲವಾಗಿದೆ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವನ್ನು ಕಟ್ಟುವ ಯೋಜನೆ ಜನರ ವಿರೋಧವನ್ನು ಎದುರಿಸಿ ನಿಂತುಹೋದ ಮೇಲೆ, 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಈ ಮನ್ನಣೆ ಪೂರ್ಣವಾಗಬೇಕಾದರೆ ಅಳಿವೆಯ ರಕ್ಷಣೆಯು ನೀರಿನ ಮೇಲ್ಮೈಯಲ್ಲಿಯೇ ನಿಲ್ಲದೆ ಅದರ ತಳದ ಪದರಗಳಿಗೂ ವ್ಯಾಪಿಸಬೇಕು. ಗಜನಿ ಎಂಬ ಅಳಿವೆಯಂಚಿನ ಗದ್ದೆಯಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಭತ್ತವನ್ನು ಉಳಿಸಬೇಕೆಂಬ ಕಾಳಜಿ ಈ ತೀರದಲ್ಲಿ ಬೆಳೆದಿರುವಂತೆ, ಗದ್ದೆಯ ಕಟ್ಟಿನಾಚೆಯ ಕೆಸರಿನಲ್ಲಿರುವ ಚಿಪ್ಪಿನ ಕುರಿತೂ ಕಾಳಜಿ ಬೆಳೆಯಬೇಕಾಗಿದೆ. ಯಾವ ಎಡೆಯಲ್ಲಿ, ಎಷ್ಟು ಆಳದಲ್ಲಿ, ಯಾವ ಜಾತಿಯ ಚಿಪ್ಪು ದೊರೆಯಿತು ಎಂಬ ಮೂರು ವಿವರಗಳನ್ನು ದಾಖಲಿಸುವುದು ದುಬಾರಿಯ ಕೆಲಸವೇನಲ್ಲ; ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನಂಥ ಸ್ಥಳೀಯ ವಿದ್ಯಾಸಂಸ್ಥೆಗಳೂ ಕಾರವಾರದ ಸ್ನಾತಕೋತ್ತರ ಕೇಂದ್ರದ ಕಡಲ ಜೀವಶಾಸ್ತ್ರ ವಿಭಾಗವೂ ಮುಳುಗಿ ಬಲ್ಲ ಅಂಬಿಗರ ಜೊತೆ ಕುಳಿತರೆ, ಕರ್ನಾಟಕದ ಕಡಲು ಏಳು ಸಾವಿರ ವರ್ಷಗಳಲ್ಲಿ ನಡೆದ ದಾರಿಯ ನಕ್ಷೆಯೊಂದು ಸಿದ್ಧವಾಗಬಲ್ಲದು. ಸಮುದ್ರದ ಮಟ್ಟ ಮತ್ತೆ ಏರುತ್ತಿರುವ ಈ ಕಾಲದಲ್ಲಿ ಅಳಿವೆಯ ದಂಡೆಯ ಊರುಗಳಿಗೆ ಅಂಥ ನಕ್ಷೆಯ ಅಗತ್ಯ ಎಂದಿಗಿಂತ ಹೆಚ್ಚು. ಗೂಡಿಗೆ ಬಿದ್ದ ಚಿಪ್ಪು ಸುಣ್ಣವಾಗಿ ಗೋಡೆಯನ್ನೂ ತೋಟವನ್ನೂ ಕಾಯುತ್ತದೆ, ನಿಜ. ಆದರೆ ಅದರ ಬೆನ್ನಿನ ಗೆರೆಗಳಲ್ಲಿದ್ದ ಮಳೆಗಾಲಗಳ ಲೆಕ್ಕ ಆ ಉರಿಯಲ್ಲಿ ಶಾಶ್ವತವಾಗಿ ಅಳಿಯುವುದರಿಂದ, ಸುಡುವ ಮೊದಲು ಅದನ್ನು ಓದಿಕೊಳ್ಳುವುದು ಈ ತಲೆಮಾರಿನ ಹೊಣೆ.