ಹಾಡಿಗೊಂದು ಹೊರಗಿನ ಕಿವಿ

ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ತಮ್ಮ ಬದುಕಿನುದ್ದಕ್ಕೂ ಒಂದು ಕಥೆ ಹೇಳಿಕೊಂಡು ಬಂದರು. 1940ರ ದಶಕದ ಮಾತು. ರೇಡಿಯೊದಲ್ಲಿ ನಿನ್ನ ವಾದನ ಕೇಳಿದೆ ಎಂದು ಅವರ ತಾಯಿ ಹಿಗ್ಗಿನಿಂದ ಹೇಳಿದರಂತೆ. ಆದರೆ ಅಂದು ನುಡಿಸಿದ್ದು ಇವರಲ್ಲ, ಇವರ ಹಾಗೇ ನುಡಿಸುತ್ತಿದ್ದ ಇನ್ನೊಬ್ಬ. ಹೆತ್ತವಳಿಗೇ ಗುರುತು ಸಿಗದ ಮೇಲೆ ನನ್ನ ನಾದಕ್ಕೆ ಏನು ಬೆಲೆ ಎಂದುಕೊಂಡ ಪಾಲ್, ಹಾಲಿವುಡ್‌ನ ತಮ್ಮ ಮನೆಯ ಗ್ಯಾರೇಜು ಸೇರಿಕೊಂಡರು. ಅಲ್ಲಿ ರೆಕಾರ್ಡಿನ ತಟ್ಟೆಯಿಂದ ತಟ್ಟೆಗೆ ದನಿಯ ಪದರದ ಮೇಲೆ ಪದರ ಕೂಡಿಸಿ, ಎಂಟು ಗಿಟಾರುಗಳನ್ನು ಒಬ್ಬರೇ ನುಡಿಸಿದ ‘ಲವರ್’ 1948ರಲ್ಲಿ ಹೊರಬಂತು.

ಮನೆಯಲ್ಲಿ ಹಾಡು ಮುದ್ರಿಸುವ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಲೆಕ್ಕದಲ್ಲಿ ಹೇಳುವುದು ರೂಢಿ. ನನಗಂತೂ ಇದರ ಮೊದಲ ಪುಟದಲ್ಲೇ ಯಂತ್ರಕ್ಕಿಂತ ಮುಂಚೆ ಕೇಳುವವಳೊಬ್ಬಳು ಕಾಣುತ್ತಾಳೆ.

ಯಂತ್ರವೂ ಬಂತೆನ್ನಿ. 1949ರಲ್ಲಿ ಗಾಯಕ ಬಿಂಗ್ ಕ್ರಾಸ್ಬಿ ಒಂದು ಆಂಪೆಕ್ಸ್ ಟೇಪ್ ರೆಕಾರ್ಡರನ್ನು ಪಾಲ್‌ಗೆ ಕೊಟ್ಟರು. ಅದಕ್ಕೆ ಇನ್ನೊಂದು ಹೆಡ್ ಕೂಡಿಸಿ, ಹಳೆಯ ದನಿಯ ಮೇಲೆ ಹೊಸ ದನಿ ಹಾಕುವ ಉಪಾಯವನ್ನು ಅವರು ಕಂಡುಕೊಂಡರು. ಇದರಲ್ಲಿ ಒಂದು ಅಪಾಯವಿತ್ತು. ಎರಡೂ ದನಿ ಕೂಡಿದ ಮುದ್ರಣ ಮೂಡುವಾಗ ಮೊದಲಿನ ಮುದ್ರಣ ಅಳಿಸಿಹೋಗುತ್ತಿತ್ತು. ಒಂದು ಸ್ವರ ತಪ್ಪಿದರೂ ಮೊದಲಿನಿಂದ ಶುರು. ಹೀಗೆ ತಯಾರಾದ ‘ಹೌ ಹೈ ದ ಮೂನ್’ 1951ರಲ್ಲಿ ಒಂಬತ್ತು ವಾರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೇಲ್ತುದಿಯಲ್ಲಿತ್ತು. ಹಾಡಿದವರು ಪತ್ನಿ ಮೇರಿ ಫೋರ್ಡ್. ಮನೆಯ ಆ ಸ್ಟುಡಿಯೋದಲ್ಲಿ ಕೇಳುವ ಕಿವಿ ಕನಿಷ್ಠ ಎರಡು ಜೊತೆ ಇದ್ದವು ಎಂಬುದನ್ನು ಮರೆಯಬಾರದು.

ದೊಡ್ಡ ಸ್ಟುಡಿಯೋಗಳಲ್ಲಂತೂ ಕಿವಿಗಳಿಗೆ ಬರವಿರಲಿಲ್ಲ. ಗಾಜಿನ ಈಚೆ ಎಂಜಿನಿಯರ್, ಪಕ್ಕದಲ್ಲಿ ನಿರ್ಮಾಪಕ, ಆಚೆ ವಾದ್ಯದವರು. ಯಾರೂ ಕರೆಯದೆಯೇ ಅಭಿಪ್ರಾಯ ಬರುತ್ತಿತ್ತು. ಅದನ್ನೇ ಒಂದು ಪದ್ಧತಿಯಾಗಿ ಮಾಡಿದ್ದು ಡೆಟ್ರಾಯಿಟ್‌ನ ಮೋಟೌನ್ ಕಂಪನಿ. ಸ್ಥಾಪಕ ಬೆರ್ರಿ ಗಾರ್ಡಿ ಮುಂಚೆ ಲಿಂಕನ್-ಮರ್ಕ್ಯುರಿ ಕಾರು ಕಾರ್ಖಾನೆಯಲ್ಲಿ ಕೂಲಿ ಮಾಡಿದ್ದವರು. 1959ರಲ್ಲಿ ಮನೆಮಂದಿಯ ಉಳಿತಾಯ ನಿಧಿಯಿಂದ 800 ಡಾಲರ್ ಸಾಲ ಪಡೆದು ಕಂಪನಿ ಕಟ್ಟಿದರು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ ಸಾಧಾರಣ ಮನೆಯೊಂದೇ ಸ್ಟುಡಿಯೋ. ಅಟ್ಟವೇ ಪ್ರತಿಧ್ವನಿಯ ಕೋಣೆ. ಕಾರು ಕಾರ್ಖಾನೆಯಿಂದ ಅವರು ಹೊತ್ತುತಂದದ್ದು ‘ಕ್ವಾಲಿಟಿ ಕಂಟ್ರೋಲ್’ ಎಂಬ ವಿಭಾಗ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸಭೆ. ತಡವಾಗಿ ಬಂದವರಿಗೆ ಬಾಗಿಲು ಮುಚ್ಚಿರುತ್ತಿತ್ತು. ವಾರದ ಹಾಡುಗಳನ್ನೆಲ್ಲ ಹಾಕಿ ಕೇಳಿ, ಮತ ಹಾಕುತ್ತಿದ್ದರು. ಅಲ್ಲಿ ಕೂರುತ್ತಿದ್ದವರಲ್ಲಿ ಹಲವರು ತಾವೂ ಹಾಡು ಕಟ್ಟುವವರೇ. ಅಂದರೆ ತಮ್ಮ ಪೈಪೋಟಿಗಾರರ ಕೆಲಸವನ್ನು ತೂಗುತ್ತಿದ್ದವರು. ಗಾರ್ಡಿ ಕೇಳುತ್ತಿದ್ದ ಪ್ರಶ್ನೆ ನನಗೆ ತುಂಬ ಇಷ್ಟ: ನಿಮ್ಮ ಜೇಬಿನಲ್ಲಿ ಕೊನೆಯ ಒಂದು ಡಾಲರ್ ಉಳಿದಿದೆ, ಹೊಟ್ಟೆ ಹಸಿದಿದೆ, ಈ ರೆಕಾರ್ಡ್ ಕೊಳ್ಳುತ್ತೀರೋ, ಸ್ಯಾಂಡ್‌ವಿಚ್ ಕೊಳ್ಳುತ್ತೀರೋ? ‘ಚೆನ್ನಾಗಿದೆಯಾ’ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎಂದೇ ಅನ್ನುತ್ತಾರೆ. ಸ್ಯಾಂಡ್‌ವಿಚ್ ಎದುರಿಗಿಟ್ಟರೆ ಮುಖದಾಕ್ಷಿಣ್ಯ ಕರಗುತ್ತದೆ. ಮಿಕ್ಸ್ ಆದ ಹಾಡನ್ನು ಕಾರಿನ ರೇಡಿಯೊದಂಥ ಪುಟ್ಟ ಸ್ಪೀಕರಿನಲ್ಲೂ ಹಾಕಿ ನೋಡುವುದು ಅಲ್ಲಿನ ರೂಢಿಯಾಗಿತ್ತು. ಕೊಳ್ಳುವ ಹುಡುಗ ಹುಡುಗಿಯರು ಕೇಳುತ್ತಿದ್ದದ್ದು ಅಂಥದ್ದರಲ್ಲೇ ತಾನೆ.

ಆದರೂ ಈ ಸಭೆಯನ್ನು ಹೊಗಳಿ ಅಟ್ಟಕ್ಕೇರಿಸುವ ಮುಂಚೆ 1967ನ್ನು ನೆನೆಯಬೇಕು. ಮಾರ್ವಿನ್ ಗೇ ಹಾಡಿದ ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಅಲ್ಲಿ ಗೆಲ್ಲಲಿಲ್ಲ. ಅದೇ ಹಾಡಿನ ಗ್ಲಾಡಿಸ್ ನೈಟ್ ಆವೃತ್ತಿ ಹೊರಬಂದು ಜನಪ್ರಿಯವೂ ಆಯಿತು. ಗೇ ಹಾಡಿದ್ದು ಮರುವರ್ಷ ಒಂದು ಆಲ್ಬಂನಲ್ಲಿ ಸುಮ್ಮನೆ ಸೇರಿಕೊಂಡಿತ್ತು. ರೇಡಿಯೊದವರು ಅದನ್ನೇ ಹೆಕ್ಕಿ ಹಾಕತೊಡಗಿದಾಗ ಕಂಪನಿ ಬಿಡಿಯಾಗಿ ಬಿಡುಗಡೆ ಮಾಡಬೇಕಾಯಿತು. ಏಳು ವಾರ ಮೊದಲ ಸ್ಥಾನ. ಬಲ್ಲವರೆಲ್ಲ ಒಟ್ಟಿಗೆ ಕೂತು ಕೇಳಿದರೂ ಹೀಗಾಗುತ್ತದೆ.

ನಮ್ಮಲ್ಲಿ ಬಹುಕಾಲ ಕನ್ನಡದ ಸಿನಿಮಾ ಹಾಡುಗಳು ಮದರಾಸಿನಲ್ಲೇ ಮುದ್ರಣವಾಗುತ್ತಿದ್ದವು. ಗಾಯಕರು, ವಾದ್ಯವೃಂದ, ಸಂಗೀತ ನಿರ್ದೇಶಕರು, ಹಾಡು ಬರೆದವರು ಎಲ್ಲರೂ ಒಂದೇ ಸೂರಿನಡಿ. 1980ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಈ ಕೆಲಸ ಊರಿಗೇ ಬರಲಿ ಎಂದು. ಊರಿಗೆ ಬಂದದ್ದು ಮನೆಯೊಳಕ್ಕೆ ಬರಲು ಇನ್ನೂ ಒಂದೆರಡು ದಶಕ ಬೇಕಾಯಿತು.

ಬೇರೆಡೆ ಅದಕ್ಕೆ ಬಾಗಿಲು ತೆರೆದದ್ದು 1979ರಲ್ಲಿ. ಟಿಯಾಕ್ ಕಂಪನಿಯ ‘ಪೋರ್ಟಾಸ್ಟುಡಿಯೋ 144’, ಮಾಮೂಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಮುದ್ರಿಸುವ ಪೆಟ್ಟಿಗೆ, ಮಿಕ್ಸರ್ ಸಮೇತ. 1982ರ ಜನವರಿಯಲ್ಲಿ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯೊಂದರಲ್ಲಿ ಕುರ್ಚಿ ಎಳೆದುಕೊಂಡು, ಎರಡು ಮೈಕ್ ಇಟ್ಟುಕೊಂಡು ಇದರಲ್ಲಿ ಹಾಡಿದರು. ತಮ್ಮ ಬ್ಯಾಂಡಿಗೆ ಮಾದರಿ ತೋರಿಸಲು ಮಾಡಿದ ಕಚ್ಚಾ ಮುದ್ರಣ ಅಷ್ಟೆ. ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಆಮೇಲೆ ಬ್ಯಾಂಡಿನೊಂದಿಗೆ ದುಬಾರಿ ಸ್ಟುಡಿಯೋದಲ್ಲಿ ಎಷ್ಟು ಹೆಣಗಿದರೂ ಕ್ಯಾಸೆಟ್ಟಿನ ಆ ಒಂಟಿತನ ಬರಲಿಲ್ಲ. ಕ್ಯಾಸೆಟ್ಟೇ ಸಾಕು, ಅದನ್ನೇ ಬಿಡು ಎಂದು ಹೇಳಿದವರಲ್ಲಿ ಬ್ಯಾಂಡಿನ ಗಿಟಾರ್ ವಾದಕ ಸ್ಟೀವನ್ ವ್ಯಾನ್ ಝಾಂಟ್ ಕೂಡ ಒಬ್ಬರು. ಹಾಗೆ ಹೊರಬಂದದ್ದು ‘ನೆಬ್ರಾಸ್ಕಾ’ ಆಲ್ಬಂ. ತಾನು ನುಡಿಸಬೇಕಿದ್ದ ಜಾಗದಲ್ಲಿ ತಾನೇ ಬೇಡ ಎನ್ನುವ ವಾದ್ಯಗಾರ ಸಿಗುವುದು ದೊಡ್ಡ ಪುಣ್ಯ.

ಮುಂದಿನದು ಕಂಪ್ಯೂಟರ್ ತಂತ್ರಾಂಶಗಳ ವೇಗದ ಕಥೆ. 1989ರಲ್ಲಿ ಕ್ಯೂಬೇಸ್, 1991ರಲ್ಲಿ ಪ್ರೊಟೂಲ್ಸ್, 2000ದಲ್ಲಿ ಉಚಿತವಾಗಿ ಆಡಾಸಿಟಿ, 2004ರಲ್ಲಿ ಆಪಲ್ ಕಂಪ್ಯೂಟರುಗಳಲ್ಲಿ ಗ್ಯಾರೇಜ್‌ಬ್ಯಾಂಡ್. ನಾಲ್ಕು ಟ್ರ್ಯಾಕ್ ನೂರಾಯಿತು. ಅಳಿಸುವ ಭಯ ಹೋಯಿತು. ಸ್ಟುಡಿಯೋದ ಸಾಮಾನೆಲ್ಲ ಮಲಗುವ ಕೋಣೆಗೆ ಬಂತು, ಅಲ್ಲಿದ್ದ ಜನ ಮಾತ್ರ ಬರಲಿಲ್ಲ. ಅಂದಿನಿಂದ ‘ಸ್ವಲ್ಪ ಕೇಳಿ ಹೇಳ್ತೀಯಾ?’ ಎಂದು ಸಹಸಂಗೀತಗಾರರಿಗೆ ಫೈಲ್ ಕಳಿಸುವ ಪರಿಪಾಠ ಬೆಳೆಯುತ್ತಾ ಬಂತು. ಇದನ್ನು ಬರೀ ಸ್ನೇಹದ ಉಪಚಾರವೆಂದು ತಿಳಿಯುವವರಿದ್ದಾರೆ. ಅಲ್ಲ, ಇದಕ್ಕೆ ಭೌತಶಾಸ್ತ್ರದ ಕಾರಣವಿದೆ.

ಹತ್ತಡಿಗೆ ಹತ್ತಡಿಯ ಕೋಣೆ ತೆಗೆದುಕೊಳ್ಳಿ. ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ನಾದ ನಿಂತ ಅಲೆಯಾಗುತ್ತದೆ. ಬೇಸ್ ಗಿಟಾರಿನ ‘ಎ’ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಹೊರಡುವುದು 55. ಆ ಅಲೆ ಗೋಡೆಯ ಹತ್ತಿರ ಗುಮ್ಮೆನ್ನುತ್ತದೆ, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಸತ್ತಿರುತ್ತದೆ. ನಡುವೆ ಕುರ್ಚಿ ಹಾಕಿಕೊಂಡವನಿಗೆ ಬೇಸ್ ಸಾಲದೆನಿಸುತ್ತದೆ, ಏರಿಸುತ್ತಾನೆ. ಕೋಣೆ ಉದ್ದಗಲ ಎರಡೂ ಒಂದೇ ಅಳತೆಯದಾದರೆ ಕಾಟ ಇಮ್ಮಡಿ. ಜೊತೆಗೆ, ಮನೆಯವರು ಮಲಗಿದ ಮೇಲೆ ಸಣ್ಣ ದನಿಯಲ್ಲಿ ಮಿಕ್ಸ್ ಮಾಡುವ ಅನಿವಾರ್ಯತೆ ಬೇರೆ. ದನಿ ಸಣ್ಣದಾದಂತೆ ಕಿವಿಗೆ ತಗ್ಗಿನ ನಾದ ಉಳಿದವುಗಳಿಗಿಂತ ಬೇಗ ಮಸುಕಾಗುತ್ತದೆ ಎಂಬುದನ್ನು ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಅಲ್ಲೂ ಇನ್ನಷ್ಟು ಬೇಸ್! ಬೆಳಿಗ್ಗೆ ಗೆಳೆಯನ ಕಾರಿನಲ್ಲಿ ಹಾಕಿದರೆ ಬಾಗಿಲು ನಡುಗುತ್ತದೆ, ಗಾಯಕಿ ಎಲ್ಲೋ ಹಿಂದಿನ ಸೀಟಿನಲ್ಲಿ. ಗೆಳೆಯ ಕೊಡುವುದು ತನ್ನ ಕಿವಿಯನ್ನಷ್ಟೇ ಅಲ್ಲ, ತನ್ನ ಕೋಣೆಯನ್ನೂ ಸ್ಪೀಕರನ್ನೂ ಕೂಡ. ಮೂರು ಮನೆಗಳಲ್ಲಿ ಮೂವರೂ ‘ಬೇಸ್ ಜಾಸ್ತಿ’ ಎಂದರೆ ತಪ್ಪು ಹಾಡಿನದು. ಒಬ್ಬನೇ ಅಂದರೆ ಅವನ ಕೋಣೆಯದೂ ಇರಬಹುದು.

ಮೊಬೈಲಿನಲ್ಲಿ ಕೇಳಿ ಉತ್ತರಿಸುವವರ ಮಾತನ್ನು ಹೀಗೇ ಸೋಸಬೇಕು. ಆ ಪುಟ್ಟ ಸ್ಪೀಕರಿನಲ್ಲಿ ತಬಲಾದ ಡಗ್ಗಾ ಸರಿಯಾಗಿ ಬರುವುದೇ ಇಲ್ಲ. ಆದರೆ ಮೊಬೈಲಿನಲ್ಲೇ ಕೇಳುವವರು ಲಕ್ಷಾಂತರ ಮಂದಿ, ಹಾಗಾಗಿ ತಳ್ಳಿಹಾಕುವಂತೆಯೂ ಇಲ್ಲ. ವೃತ್ತಿಯವರು ಕೂಡ ಇಂಥ ಬಡ ಸ್ಪೀಕರನ್ನು ಬೇಕೆಂದೇ ಇಟ್ಟುಕೊಂಡವರು. ಯಮಹಾದ ಬಿಳಿ ಕೋನಿನ ಎನ್‌ಎಸ್-10 ಮನೆಗಳಿಗೆಂದು 1978ರಲ್ಲಿ ಬಂದು, ಅಲ್ಲಿ ಸಲ್ಲದೆ, ಹುಳುಕನ್ನು ಮುಚ್ಚಿಡದ ಗುಣಕ್ಕಾಗಿಯೇ ಜಗತ್ತಿನ ಸ್ಟುಡಿಯೋಗಳ ಮೇಜೇರಿತು. ಅದರ ಚುಚ್ಚುವ ಎತ್ತರದ ನಾದವನ್ನು ತಡೆಯಲಾರದೆ ಎಂಜಿನಿಯರುಗಳು ಟಿಶ್ಯೂ ಕಾಗದ ಅಂಟಿಸಿಕೊಂಡರೇ ಹೊರತು ಅದನ್ನು ಬಿಡಲಿಲ್ಲ.

ಮಲಗುವ ಕೋಣೆಯ ಸಂಗೀತಕ್ಕೆ ದೊಡ್ಡ ಮನ್ನಣೆ ಸಿಕ್ಕಿದ್ದು 2020ರ ಜನವರಿಯಲ್ಲಿ. ಗಾಯಕಿ ಬಿಲ್ಲಿ ಐಲಿಶ್ ಮತ್ತು ಅಣ್ಣ ಫಿನಿಯಸ್ ಲಾಸ್ ಏಂಜಲಿಸ್‌ನ ಹೆತ್ತವರ ಮನೆಯಲ್ಲಿ ಮಾಡಿದ ಆಲ್ಬಂ ವರ್ಷದ ಶ್ರೇಷ್ಠ ಆಲ್ಬಂ ಎಂದು ಗ್ರ್ಯಾಮಿ ಪಡೆಯಿತು. ಅಲ್ಲೂ ಮಿಕ್ಸ್ ಮಾಡಿದ್ದು ರಾಬ್ ಕಿನೆಲ್ಸ್ಕಿ ಎಂಬ ಎಂಜಿನಿಯರ್. ಈ ಸಾಲನ್ನು ‘ಎಲ್ಲಾ ಮನೆಯಲ್ಲೇ ಆಯ್ತಂತೆ’ ಎಂದು ಹೇಳುವವರು ಬಿಟ್ಟುಬಿಡುತ್ತಾರೆ.

ಇನ್ನು ಯಾರನ್ನು ಕೇಳಬೇಕು? ಸಂಗೀತಗಾರರಲ್ಲೂ ಒಂದು ದೋಷವಿದೆ: ಪ್ರತಿಯೊಬ್ಬನಿಗೂ ಮೊದಲು ಕೇಳುವುದು ತನ್ನ ವಾದ್ಯವೇ. ಡ್ರಮ್ಸ್‌ನವನು ಸ್ನೇರ್ ಸಣ್ಣದಾಯಿತೆನ್ನುತ್ತಾನೆ, ಕೀಬೋರ್ಡಿನವನು ಪ್ಯಾಡ್ ಕೇಳುತ್ತಿಲ್ಲವೆನ್ನುತ್ತಾನೆ. ‘ಸೂಪರ್ ಗುರು’ ಎಂಬುದಂತೂ ಉತ್ತರವೇ ಅಲ್ಲ. ಎಷ್ಟನೇ ಸೆಕೆಂಡಿನಲ್ಲಿ ಮನಸ್ಸು ಬೇರೆಡೆ ಹೋಯಿತು ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಎರಡು ಆವೃತ್ತಿ ಕಳಿಸುವುದಾದರೆ ಎರಡರ ದನಿಯ ಮಟ್ಟವೂ ಸಮನಾಗಿರಬೇಕು. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಸುಳ್ಳು ಹೇಳುತ್ತದೆ.

ಭಾವಗೀತೆ ಮಾಡುವವರ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಸಾಹಿತ್ಯ ಕೇಳದಿದ್ದರೆ ಎಲ್ಲವೂ ಹೋಯಿತು. ಹಾಡಿದವರಿಗೆ ಕವಿತೆ ಬಾಯಿಪಾಠ. ದನಿ ವಾದ್ಯಗಳಲ್ಲಿ ಮುಳುಗಿದ್ದರೂ ಅವರ ಮನಸ್ಸು ಪದ ತುಂಬಿಕೊಂಡುಬಿಡುತ್ತದೆ. ಪ್ರಸಿದ್ಧ ಕವಿತೆಯಾದರೆ ಗೆಳೆಯರಿಗೂ ಅದೇ ಗತಿ. ಹಾಗಾಗಿ ಆ ಕವಿತೆಯನ್ನು ಓದಿರದ, ಕೇಳಿರದ ಒಬ್ಬರನ್ನು ಹುಡುಕಿ, ಹಾಡು ಹಾಕಿ, ಕೇಳಿದ ಪದಗಳನ್ನು ಕಾಗದದ ಮೇಲೆ ಬರೆಯಲು ಹೇಳಬೇಕು. ಕೀಬೋರ್ಡ್ ಎಲ್ಲಿ ಇಳಿಸಬೇಕು, ಯಾವ ‘ಸ’ಕಾರಕ್ಕೆ ಎಷ್ಟು ಟ್ರೆಬಲ್ ಬೇಕು ಎಂಬುದು ಆ ಕಾಗದದಲ್ಲಿ ಬಿಟ್ಟ ಸ್ಥಳಗಳಿಂದಲೇ ಗೊತ್ತಾಗುತ್ತದೆ.