ಒಂದು ಸರಳು ಎರಡಾದಾಗ

1981ರ ಜುಲೈ 17ರ ಸಂಜೆ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಹಜಾರದಲ್ಲಿ ನೃತ್ಯಕೂಟ ನಡೆದಿತ್ತು. ಹಜಾರದ ಮೇಲೆ, ಎರಡನೆಯ ಮತ್ತು ನಾಲ್ಕನೆಯ ಮಹಡಿಯ ಎತ್ತರದಲ್ಲಿ, ಒಂದರ ನೇರ ಮೇಲೆ ಇನ್ನೊಂದರಂತೆ ಎರಡು ಕಾಲುಸೇತುವೆಗಳು ಉಕ್ಕಿನ ಸರಳುಗಳಿಂದ ತೂಗುತ್ತಿದ್ದವು. ಎರಡೂ ಕುಸಿದು 114 ಜನ ಸತ್ತರು. ಹೋಟೆಲು ತೆರೆದು ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು, ಅಷ್ಟೇ.

ಮೂಲ ನಕ್ಷೆಯಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದನೆಯ ಸರಳು ಎರಡೂ ಸೇತುವೆಗಳ ತೊಲೆಗಳನ್ನು ಹಾದುಹೋಗುತ್ತಿತ್ತು. ಹಾಗೆ ಮಾಡಬೇಕಾದರೆ ಮೇಲಿನ ಸೇತುವೆಯಿಂದ ಕೆಳಗೆ ಸರಳಿನ ಉದ್ದಕ್ಕೂ ಥ್ರೆಡ್ ಕೊರೆಯಬೇಕು, ಎತ್ತಿ ನಿಲ್ಲಿಸುವಾಗ ಅದು ಕೆಡುವ ಭಯ ಬೇರೆ. ಹಾಗಾಗಿ ನಕ್ಷೆ ಬದಲಾಯಿತು. ಚಾವಣಿಯ ಸರಳು ಮೇಲಿನ ಸೇತುವೆಗೇ ನಿಂತಿತು. ಕೆಳಗಿನದನ್ನು ಮೇಲಿನದರ ತೊಲೆಯಿಂದ ಇನ್ನೊಂದು ಸರಳು ಹಾಕಿ ಇಳಿಬಿಟ್ಟರು. ಇಬ್ಬರು ಒಂದೇ ಹಗ್ಗ ಹಿಡಿದು ಜೋತುಬಿದ್ದಿದ್ದಾರೆ ಎನ್ನಿ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದರೆ ಹಗ್ಗದ ಮೇಲಿನ ಭಾರ ಅಷ್ಟೇ ಇರುತ್ತದೆ, ಮೇಲಿನವನ ಕೈಗೆ ಮಾತ್ರ ಇಬ್ಬರ ಭಾರ. ನಾಲ್ಕನೆಯ ಮಹಡಿಯ ತೊಲೆಗೆ ಆಸರೆಯಾಗಿದ್ದ ನಟ್ಟಿನ ಮೇಲೆ ಬಿದ್ದದ್ದು ಆ ಇಮ್ಮಡಿ ಭಾರ.

ಮೆಕ್ಯಾನಿಕ್ಸ್ ಪಾಸಾದ ವಿದ್ಯಾರ್ಥಿ ಇದನ್ನು ಐದು ನಿಮಿಷದಲ್ಲಿ ಲೆಕ್ಕ ಹಾಕಬಲ್ಲ. ಅಷ್ಟು ಸುಲಭದ ಲೆಕ್ಕವನ್ನು ಅನುಭವಿಗಳು ಹಾಕಲಿಲ್ಲ, ಏಕೆಂದರೆ ಅದು ತಮ್ಮ ಕೆಲಸವೆಂದು ಯಾರೂ ತಿಳಿದಿರಲಿಲ್ಲ. ಆ ಕೂಡಿಕೆಯ ವಿನ್ಯಾಸ ಉಕ್ಕಿನ ಕೆಲಸದವರದು ಎಂದು ವಿನ್ಯಾಸಕಾರರು ಅಂದುಕೊಂಡರು. ಕೈಗೆ ಬಂದ ನಕ್ಷೆಯೇ ಅಂತಿಮ ಎಂದು ಉಕ್ಕಿನ ಕೆಲಸದವರು ಅಂದುಕೊಂಡರು. ಬದಲಾವಣೆಗೆ ಫೋನಿನಲ್ಲಿ ಒಪ್ಪಿಗೆ ಪಡೆದೆವು ಎಂದು ಒಂದು ಕಡೆಯವರು ಹೇಳಿದರೆ, ಅಂಥ ಫೋನೇ ಬಂದಿಲ್ಲ ಎಂದರು ಇನ್ನೊಂದು ಕಡೆಯವರು. ನಕ್ಷೆಯ ಮೇಲೆ ಎಂಜಿನಿಯರರ ಮುದ್ರೆಯಂತೂ ಬಿದ್ದಿತ್ತು. ಮೂಲ ವಿನ್ಯಾಸ ಕೂಡ ನಗರದ ಕಟ್ಟಡ ನಿಯಮ ಕೇಳುವ ಬಲದ ಸುಮಾರು ಶೇ. 60ರಷ್ಟನ್ನು ಮಾತ್ರ ತಾಳುವಂತಿತ್ತು ಎಂದು ತನಿಖೆ ತೋರಿಸಿತು.

ಈ ಪ್ರಕರಣವನ್ನು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೀತಿಪಾಠವಾಗಿ ಹೇಳುವುದುಂಟು. ನನಗೆ ಇದು ಸಂವಹನದ ಪಾಠವಾಗಿಯೇ ಹೆಚ್ಚು ಮುಖ್ಯ. ನಮ್ಮಲ್ಲಿ ಸಂವಹನ ಕೌಶಲವೆಂದರೆ ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ಹೊರಗಿನಿಂದ ಬರುವ ತರಬೇತುದಾರರು, ಗ್ರೂಪ್ ಡಿಸ್ಕಷನ್, ರೆಸ್ಯೂಮೆ, ಟೈ ಕಟ್ಟುವ ಬಗೆ. ಇವೆಲ್ಲ ಇರಲಿ. ಆದರೆ ಇವುಗಳಿಂದ ಯಾವ ನಟ್ಟೂ ಗಟ್ಟಿಯಾಗುವುದಿಲ್ಲ. ನಿಯಮಗಳೇನೋ ಇವೆ: ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವವನ್ನು 2014ರಲ್ಲಿ ಭಾರತ ಪಡೆಯಿತು. ಪದವೀಧರನಲ್ಲಿ ಇರಬೇಕೆಂದು ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿ ಪಟ್ಟಿಮಾಡಿದ ಗುಣಗಳಲ್ಲಿ ತಂಡದ ಕೆಲಸವೂ ಸಂವಹನವೂ ಇವೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ.

ಕೊನೆಯ ವರ್ಷದ ಪ್ರಾಜೆಕ್ಟ್ ಬ್ಯಾಚಿನೊಳಗೆ ಇಣುಕಿದರೆ ಕಾಣುವುದು ಬೇರೆ. ನಾಲ್ವರಲ್ಲಿ ಒಬ್ಬ ಪೂರ್ತಿ ಕೋಡು ಬರೆಯುತ್ತಾನೆ, ಒಬ್ಬಳು ರಿಪೋರ್ಟು, ಉಳಿದಿಬ್ಬರು ಸ್ಲೈಡು ಮತ್ತು ಬೈಂಡಿಂಗು. ಅಂಕ ಮಾತ್ರ ಬಹುತೇಕ ಸಮ. ತಂಡದ ಕೆಲಸವನ್ನು ಇವರಿಗೆ ಯಾರೂ ಕಲಿಸಿಲ್ಲ. ಒಟ್ಟಿಗೆ ಕೂರಿಸಿದ್ದಾರೆ, ಅಷ್ಟೇ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬೆಳೆದ 'ಕ್ಯಾಟ್ಮಿ' ಎಂಬ ವ್ಯವಸ್ಥೆ ಶಿಕ್ಷಕರು ತಂಡ ಕಟ್ಟುವುದಕ್ಕೂ ಸದಸ್ಯರು ಒಬ್ಬರನ್ನೊಬ್ಬರು ಅಳೆಯುವುದಕ್ಕೂ ನೆರವಾಗುತ್ತದೆ. ಸಾಫ್ಟ್‌ವೇರ್ ಇಲ್ಲದೆಯೂ ಈ ಕೆಲಸ ಸಾಧ್ಯ: ತಿಂಗಳಿಗೊಮ್ಮೆ ಪಾತ್ರ ಬದಲಿಸಬೇಕು, ಯಾವ ನಿರ್ಧಾರ ಯಾರದು ಎಂದು ನೋಟ್‌ಬುಕ್ಕಿನಲ್ಲಿ ಸಹಿ ಸಮೇತ ಬರೆಯಬೇಕು, ಸಹಪಾಠಿಗಳ ಅಭಿಪ್ರಾಯಕ್ಕೆ ಅಂಕದಲ್ಲಿ ಪಾಲಿರಬೇಕು.

ವರ್ಕ್‌ಶಾಪಿನಲ್ಲಿ ಮಾಡಬಹುದಾದ ಒಂದು ಅಭ್ಯಾಸ ಇದೆ. ಒಂದು ಬ್ಯಾಚು ಬಿಡಿಭಾಗದ ನಕ್ಷೆ ಬರೆಯಲಿ, ಇನ್ನೊಂದು ಬ್ಯಾಚು ಅದನ್ನು ಲೇತಿನಲ್ಲಿ ಮಾಡಲಿ. ಅರ್ಧದಲ್ಲಿ ಶಿಕ್ಷಕರು ಒಂದು ಅಳತೆ ಬದಲಿಸಿ ಮೊದಲ ಬ್ಯಾಚಿಗೆ ಮಾತ್ರ ತಿಳಿಸಲಿ. ಸುದ್ದಿ ಆಚೆ ಬದಿಗೆ ಹೇಗೆ ತಲುಪಿತು, ಲಿಖಿತವಾಗಿಯೋ ಬಾಯಿಮಾತಿನಲ್ಲೋ, 'ಇದರಿಂದ ಉಳಿದ ಅಳತೆಗಳಿಗೆ ಏನಾಗುತ್ತದೆ?' ಎಂದು ಯಾರಾದರೂ ಕೇಳಿದರೋ ಎಂಬುದಕ್ಕೇ ಅಂಕ.

ಭಾಷೆಯ ವಿಷಯವೂ ಇಲ್ಲಿಯೇ ಬರುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಇಂಗ್ಲಿಷ್ ತಡವರಿಸಿದರೆ ಸಂವಹನ ದುರ್ಬಲ ಎಂದು ಬರೆದುಬಿಡುತ್ತೇವೆ. ಪೀಣ್ಯದ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತವರಿಗೆ ಟಾಲರೆನ್ಸ್ ಏಕೆ ಬಿಗಿಯಾಗಿರಬೇಕೆಂದು ಕನ್ನಡದಲ್ಲಿ ತಿಳಿಸಬಲ್ಲವಳು ಅವಳೇ ಆಗಿರಬಹುದು. ಅವಳಿಗೆ ಇಂಗ್ಲಿಷಿನಲ್ಲಿ ವರದಿ ಬರೆಯುವುದನ್ನು ತಾಳ್ಮೆಯಿಂದ ಕಲಿಸಬೇಕು, ನಿಜ. ಜೊತೆಗೆ ವೈವಾದಲ್ಲಿ ಒಂದು ಪ್ರಶ್ನೆಯನ್ನಾದರೂ ಹೀಗೆ ಕೇಳಬೇಕು: 'ಇದನ್ನು ಮಾಡಿಕೊಡುವ ಫಿಟ್ಟರಿಗೆ ಹೇಳುವ ಹಾಗೆ, ಅವರ ಭಾಷೆಯಲ್ಲೇ ಹೇಳಿ.' ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡುವ ಅವಳ ಜೊತೆಗಾರನಿಗೂ ಅದೇ ಪ್ರಶ್ನೆ ಹೋಗಬೇಕು.